ಮೊದಲ ಪುಸ್ತಕದ ಹಸ್ತಪ್ರತಿ: ಪ್ರಕಾಶಕರಿಗೆ ಕಳುಹಿಸುವ ಮುನ್ನ, ಕಳುಹಿಸಿದ ಮೇಲೆ

ಕನ್ನಡದಲ್ಲಿ ಮೊದಲ ಪುಸ್ತಕ ತರಬೇಕೆಂದಿರುವವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದದ್ದು, ಇಲ್ಲಿ ಲೇಖಕರಿಗೂ ಪ್ರಕಾಶಕರಿಗೂ ನಡುವೆ ಯಾರೂ ಇರುವುದಿಲ್ಲ ಎಂಬುದನ್ನು. ಇಂಗ್ಲಿಷ್ ಪ್ರಕಾಶನದಲ್ಲಿ ಲೇಖಕರ ಪರವಾಗಿ ಹಸ್ತಪ್ರತಿಯನ್ನು ಕೊಂಡೊಯ್ದು ಮಾತುಕತೆ ನಡೆಸುವ ಏಜೆಂಟರಿರುತ್ತಾರೆ. ಕನ್ನಡದಲ್ಲಿ ಆ ಪದ್ಧತಿ ಬೆಳೆದಿಲ್ಲ. ನೀವು ಕಳುಹಿಸಿದ ಫೈಲನ್ನು ತೆರೆಯುವವರು ಬಹಳ ಸಲ ಪ್ರಕಾಶನದ ಒಡೆಯರೇ ಆಗಿರುತ್ತಾರೆ. ಕಾಗದ ಕೊಳ್ಳುವುದು, ಮುದ್ರಣಾಲಯಕ್ಕೆ ಓಡಾಡುವುದು, ಅಂಗಡಿಗಳಿಂದ ಬಾಕಿ ವಸೂಲು ಮಾಡುವುದು, ಇವೆಲ್ಲವನ್ನೂ ಮುಗಿಸಿ ಉಳಿದ ಹೊತ್ತಿನಲ್ಲಿ ಅವರು ಹೊಸಬರ ಹಸ್ತಪ್ರತಿಗಳನ್ನು ಓದುತ್ತಾರೆ. ಆ ಒಬ್ಬ ಓದುಗರನ್ನು ಕಣ್ಣ ಮುಂದಿಟ್ಟುಕೊಂಡು ಸಿದ್ಧತೆ ನಡೆಸಿದರೆ, ಮುಂದೆ ಹೇಳುವ ಪ್ರತಿಯೊಂದು ಹಂತವೂ ಏಕೆ ಬೇಕು ಎಂಬುದು ತಾನಾಗಿಯೇ ಅರ್ಥವಾಗುತ್ತದೆ.

ಒಂದನೆಯ ಹಂತ: ಹಸ್ತಪ್ರತಿಯನ್ನು ಮುಗಿಸುವುದು

ಬರೆದು ಮುಗಿಸಿದ ದಿನವೇ ಹಸ್ತಪ್ರತಿ ಸಿದ್ಧವಾಗಿರುವುದಿಲ್ಲ. ಕನಿಷ್ಠ ಒಂದು ತಿಂಗಳು ಅದನ್ನು ಮುಟ್ಟದೆ ಇಟ್ಟು, ಆಮೇಲೆ ಕಾಗದದ ಮೇಲೆ ಮುದ್ರಿಸಿಕೊಂಡು, ಗಟ್ಟಿಯಾಗಿ ಓದುತ್ತ ತಿದ್ದಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಉದ್ದನೆಯ ವಾಕ್ಯವೊಂದು ಎಲ್ಲಿ ಉಸಿರು ಕಟ್ಟಿಸುತ್ತದೆ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಬಳಿಕ ಇಬ್ಬರಿಗಾದರೂ ಓದಲು ಕೊಡಿ. ಅವರಲ್ಲಿ ಒಬ್ಬರು ಸಾಹಿತ್ಯವನ್ನು ಓದುವ ಅಭ್ಯಾಸವುಳ್ಳವರಾಗಿರಲಿ, ಇನ್ನೊಬ್ಬರು ನೀವು ಬರೆದಿರುವ ಲೋಕವನ್ನು ಬಲ್ಲವರಾಗಿರಲಿ. ಮಗ್ಗದ ಬಗ್ಗೆ ಬರೆದಿದ್ದರೆ ನೇಯುವವರು, ಅಡಕೆ ತೋಟದ ಬಗ್ಗೆ ಬರೆದಿದ್ದರೆ ತೋಟದವರು ಒಮ್ಮೆ ಓದಲೇಬೇಕು.

ಕಥಾಸಂಕಲನವಾದರೆ ಇನ್ನೊಂದು ಪೂರ್ವಸಿದ್ಧತೆ ಉಪಯುಕ್ತ. ಮಯೂರ, ತುಷಾರ, ಸುಧಾ, ತರಂಗದಂತಹ ಪತ್ರಿಕೆಗಳಲ್ಲಿ ಅಥವಾ ದಿನಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ ನಾಲ್ಕಾರು ಕತೆಗಳು ಪ್ರಕಟವಾಗಿದ್ದರೆ, ಬೇರೊಬ್ಬ ಸಂಪಾದಕರು ನಿಮ್ಮನ್ನು ಈಗಾಗಲೇ ಓದಿ ಆರಿಸಿದ್ದಾರೆ ಎಂಬ ಭರವಸೆ ಪ್ರಕಾಶಕರಿಗೆ ಸಿಗುತ್ತದೆ. ಯಾವ ಕತೆ ಯಾವ ಸಂಚಿಕೆಯಲ್ಲಿ ಬಂದಿತೆಂಬ ಪಟ್ಟಿಯನ್ನು ಮೊದಲಿನಿಂದಲೇ ಬರೆದಿಟ್ಟುಕೊಳ್ಳಿ. ಪುಸ್ತಕದ ಕೃತಜ್ಞತೆಯ ಪುಟಕ್ಕೂ ಅದು ಬೇಕಾಗುತ್ತದೆ. ಪ್ರಕಟವಾದ ಕತೆಗಳನ್ನೆಲ್ಲ ಸಂಕಲನಕ್ಕೆ ಸೇರಿಸಬೇಕೆಂಬ ಆಸೆಯನ್ನು ಮಾತ್ರ ಬಿಡಬೇಕು. ಇಪ್ಪತ್ತು ಕತೆಗಳಲ್ಲಿ ಹತ್ತು ಗಟ್ಟಿಯಾಗಿದ್ದರೆ ಆ ಹತ್ತರ ಪುಸ್ತಕವನ್ನೇ ಮಾಡಿ, ಏಕೆಂದರೆ ಸಡಿಲವಾದ ಮೂರನೆಯ ಕತೆಯನ್ನು ಓದಿ ಕೆಳಗಿಟ್ಟ ಪ್ರಕಾಶಕರು ಹದಿನೈದನೆಯದರ ಸೊಗಸನ್ನು ನೋಡುವುದೇ ಇಲ್ಲ.

ಗಾತ್ರದ ಲೆಕ್ಕವನ್ನೂ ಇದೇ ಹಂತದಲ್ಲಿ ಹಾಕಿಕೊಳ್ಳಬಹುದು. ಕನ್ನಡದ ಕತೆ, ಕಾದಂಬರಿಗಳು ಸಾಮಾನ್ಯವಾಗಿ ಡೆಮಿ ಅಷ್ಟ ಆಕಾರದಲ್ಲಿ ಬರುತ್ತವೆ, ಎಂದರೆ ಹೆಚ್ಚುಕಡಿಮೆ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ. ಅಂಥ ಪುಟದಲ್ಲಿ ಸುಮಾರು 220ರಿಂದ 250 ಪದಗಳು ಹಿಡಿಯುತ್ತವೆ. 35,000 ಪದಗಳ ಹಸ್ತಪ್ರತಿ ಮುನ್ನುಡಿ, ಪರಿವಿಡಿಗಳೂ ಸೇರಿ 160 ಪುಟಗಳ ಆಸುಪಾಸಿನ ಪುಸ್ತಕವಾಗುತ್ತದೆ. ಅದು 16 ಪುಟಗಳ ಹತ್ತು ಫಾರಂ, ಎಂದರೆ ಒಂದೊಂದು ಹಾಳೆಯ ಮೇಲೆ ಒಟ್ಟಿಗೆ ಅಚ್ಚಾಗುವ ಪುಟಗಳ ಹತ್ತು ಗುಂಪು. ಮುದ್ರಣದ ವೆಚ್ಚವನ್ನು ಫಾರಂಗಳಲ್ಲಿ ಎಣಿಸುವ ಪ್ರಕಾಶಕರಿಗೆ ಒಟ್ಟು ಪದಸಂಖ್ಯೆಯನ್ನು ನೀವೇ ತಿಳಿಸಿದರೆ ಅವರ ಅರ್ಧ ಲೆಕ್ಕ ಮುಗಿದಂತೆ.

ಎರಡನೆಯ ಹಂತ: ಓದಬಲ್ಲ ಫೈಲು

ಹೊಸಬರ ಹಸ್ತಪ್ರತಿಗಳು ಓದಿಸಿಕೊಳ್ಳುವ ಮೊದಲೇ ಸೋಲುವುದು ಇಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕನ್ನಡವನ್ನು ಗಣಕದಲ್ಲಿ ಬರೆಯುವ ಎರಡು ಬಗೆಗಳು ಇಂದಿಗೂ ಒಟ್ಟಿಗೆ ಬದುಕಿವೆ. ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿರುತ್ತದೆ. ಅದೇ ಫಾಂಟು ಎದುರಿನವರ ಗಣಕದಲ್ಲಿ ಇಲ್ಲದಿದ್ದರೆ ಅವರಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್‌ನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಎಲ್ಲಿ ತೆರೆದರೂ ಅದು ಕನ್ನಡವಾಗಿಯೇ ಕಾಣುತ್ತದೆ. ನಿಮ್ಮ ಹಸ್ತಪ್ರತಿಯನ್ನು ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸಿ. ಹಳೆಯ ನುಡಿಯಲ್ಲಿ ಬರೆದಿಟ್ಟ ಭಾಗಗಳಿದ್ದರೆ ಪರಿವರ್ತಕದ ಮೂಲಕ ಬದಲಾಯಿಸಬಹುದು. ಆದರೆ ಬದಲಾಯಿಸಿದ ನಂತರ ಅಕ್ಷರ ಅಕ್ಷರವಾಗಿ ಓದದೆ ಮುಂದೆ ಹೋಗಬೇಡಿ. ಅರ್ಕಾವತ್ತು, ಎರಡೆರಡು ಒತ್ತಕ್ಷರಗಳಿರುವ ಪದಗಳು, ದೀರ್ಘದ ಚಿಹ್ನೆ, ಉದ್ಧರಣ ಚಿಹ್ನೆ, ಅಂಕಿಗಳು, ಇವು ಪರಿವರ್ತನೆಯಲ್ಲಿ ಕೆಡುವ ಜಾಗಗಳು.

ಅಕ್ಷರದ ಗಾತ್ರ 12 ಅಥವಾ 13, ಸಾಲುಗಳ ನಡುವೆ ಒಂದೂವರೆಯಷ್ಟು ಅಂತರ, ಎಲ್ಲ ಕಡೆ ಒಂದು ಅಂಗುಲ ಅಂಚು, ಕೆಳಗೆ ಪುಟಸಂಖ್ಯೆ, ಪ್ರತಿ ಅಧ್ಯಾಯವೂ ಹೊಸ ಪುಟದಿಂದ. ಇಷ್ಟೇ ಸಾಕು. ಬಣ್ಣದ ಶೀರ್ಷಿಕೆ, ಹೂಬಳ್ಳಿಯ ಚೌಕಟ್ಟು, ನೀವೇ ಮಾಡಿಸಿದ ಮುಖಪುಟ ಯಾವುದೂ ಬೇಡ. ಪುಟವಿನ್ಯಾಸ ಮಾಡುವವರು ಅವೆಲ್ಲವನ್ನೂ ತೆಗೆದುಹಾಕಿಯೇ ಕೆಲಸ ಆರಂಭಿಸಬೇಕಾಗುತ್ತದೆ. ಮೊದಲ ಪುಟದಲ್ಲಿ ಕೃತಿಯ ಹೆಸರು, ಪ್ರಕಾರ, ಪದಸಂಖ್ಯೆ, ನಿಮ್ಮ ಹೆಸರು, ವಿಳಾಸ, ದೂರವಾಣಿ ಇರಲಿ. ವರ್ಡ್ ಫೈಲಿನ ಜೊತೆಗೆ ಅದರದೇ ಪಿಡಿಎಫ್ ಪ್ರತಿಯನ್ನೂ ಇಡಿ. ಕೈಬರಹದಲ್ಲಿಯೇ ಬರೆಯುವವರು ಡಿಟಿಪಿ ಮಾಡಿಸಿದ ಬಳಿಕ ಆ ಪ್ರತಿಯನ್ನು ತಾವೇ ತಿದ್ದಿ ಕಳುಹಿಸಬೇಕು. ಮೂಲ ಕಾಗದಗಳನ್ನು ನೆರಳಚ್ಚು ಮಾಡಿಸದೆ ಯಾರ ಕೈಗೂ ಕೊಡಬಾರದು.

ಪ್ರಾದೇಶಿಕ ಆಡುಮಾತಿನಲ್ಲಿ ಬರೆದವರು ಇನ್ನೊಂದು ಕೆಲಸ ಮಾಡಬೇಕು. ಧಾರವಾಡ, ಕಲಬುರಗಿ, ಕುಂದಾಪುರದ ಮಾತು ಸಂಭಾಷಣೆಯಲ್ಲಿ ಬಂದಿದ್ದರೆ, ಪದಗಳ ರೂಪಗಳನ್ನು ನಿಶ್ಚಯಿಸಿ ಒಂದು ಪುಟದ ಪಟ್ಟಿ ಮಾಡಿ. ಒಂದೇ ಪಾತ್ರ ಒಂದು ಕಡೆ ‘ಮಾಡಾಕತ್ತಾನ’ ಎಂದೂ ಇನ್ನೊಂದು ಕಡೆ ‘ಮಾಡ್ಲಿಕತ್ತಾನ’ ಎಂದೂ ಹೇಳಿದರೆ, ಅದು ಬೇಕೆಂದೇ ಮಾಡಿದ್ದೋ ತಪ್ಪೋ ಎಂದು ತಿಳಿಯದ ಕರಡು ತಿದ್ದುವವರು ಎರಡನ್ನೂ ‘ಮಾಡುತ್ತಿದ್ದಾನೆ’ ಎಂದು ತಿದ್ದಿಬಿಡಬಹುದು. ನನ್ನ ಒಂದು ಕತೆಯ ಅಜ್ಜಿಯ ಮಾತಿಗೆ ಹೀಗೆಯೇ ಆಯಿತು. ಅಚ್ಚಾಗಿ ಬಂದ ಪುಟದಲ್ಲಿ ಆಕೆ ಪಠ್ಯಪುಸ್ತಕದ ಕನ್ನಡ ಆಡುತ್ತಿದ್ದಳು. ಆ ನೋವು ಇಂದಿಗೂ ಹೋಗಿಲ್ಲ. ಪಟ್ಟಿಯ ಒಂದು ಪುಟ ಅದನ್ನು ತಪ್ಪಿಸುತ್ತಿತ್ತು.

ಮೂರನೆಯ ಹಂತ: ಪರರ ಬರಹಕ್ಕೆ ಅನುಮತಿ

ಅಧ್ಯಾಯದ ತಲೆಯ ಮೇಲೆ ಕವಿತೆಯ ಸಾಲುಗಳನ್ನು ಇಡುವುದು ನಮ್ಮಲ್ಲಿ ಪ್ರೀತಿಯ ರೂಢಿ. ಆದರೆ ಭಾರತದ ಕಾನೂನಿನಂತೆ ಕೃತಿಸ್ವಾಮ್ಯವು ಲೇಖಕರ ಜೀವಿತಾವಧಿಗೂ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳಿಗೂ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಉಳಿದಿರುತ್ತದೆ. ವಿಮರ್ಶೆಗಾಗಿ ಒಂದೆರಡು ಸಾಲು ಉದ್ಧರಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಅಲಂಕಾರಕ್ಕಾಗಿ ಇಡೀ ಪದ್ಯವನ್ನು ಬಳಸುವುದಾದರೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಅನುವಾದದ ಹಸ್ತಪ್ರತಿಯಾದರಂತೂ ಮೂಲ ಲೇಖಕರ ಅಥವಾ ಹಕ್ಕು ಹೊಂದಿರುವ ಪ್ರಕಾಶಕರ ಅನುಮತಿ ಪತ್ರವಿಲ್ಲದೆ ಯಾರನ್ನೂ ಸಂಪರ್ಕಿಸಬಾರದು. ಅನುವಾದ ಮುಗಿಸಿದ ಮೇಲೆ ಹಕ್ಕು ಬೇರೆಯವರಿಗೆ ಹೋಗಿದೆಯೆಂದು ತಿಳಿದರೆ ಆ ಶ್ರಮ ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ನಿಮ್ಮದೇ ಕೃತಿಯ ಹಕ್ಕು, ನೀವು ಬರೆದ ಕೂಡಲೇ ನಿಮ್ಮದಾಗಿರುತ್ತದೆ. ನೋಂದಣಿ ಕಡ್ಡಾಯವಲ್ಲ. ಕಳುಹಿಸಿದ ಇಮೇಲ್, ಅದರ ದಿನಾಂಕ, ಹಳೆಯ ಕರಡುಗಳನ್ನು ಜೋಪಾನ ಮಾಡಿಕೊಂಡಿದ್ದರೆ ಸಾಮಾನ್ಯ ಸಂದರ್ಭಗಳಿಗೆ ಅದು ಸಾಕಾಗುತ್ತದೆ.

ನಾಲ್ಕನೆಯ ಹಂತ: ಯಾರಿಗೆ ಕಳುಹಿಸಬೇಕು

ಪ್ರಕಾಶಕರ ವಿಳಾಸಗಳ ಪಟ್ಟಿ ಹುಡುಕುವ ಮೊದಲು ನಿಮ್ಮ ಪುಸ್ತಕದ ಕಪಾಟನ್ನು ನೋಡಿ. ನೀವು ಬರೆದಿರುವ ಬಗೆಯ ಪುಸ್ತಕಗಳಲ್ಲಿ ಇತ್ತೀಚೆಗೆ ಬಂದ ಐದಾರನ್ನು ತೆಗೆದು, ಶೀರ್ಷಿಕೆ ಪುಟದ ಹಿಂಬದಿಯನ್ನು ಓದಿ. ಯಾರು ತಂದಿದ್ದಾರೆ, ಎಷ್ಟನೆಯ ಮುದ್ರಣ, ಎಷ್ಟು ಪ್ರತಿ, ಹಕ್ಕು ಯಾರ ಹೆಸರಿನಲ್ಲಿದೆ, ಎಲ್ಲವೂ ಅಲ್ಲಿಯೇ ಇರುತ್ತದೆ. ಧಾರವಾಡದ ಮನೋಹರ ಗ್ರಂಥಮಾಲೆ, ಹೆಗ್ಗೋಡಿನ ಅಕ್ಷರ ಪ್ರಕಾಶನ, ಬೆಂಗಳೂರಿನ ನವಕರ್ನಾಟಕ, ಅಂಕಿತ ಪುಸ್ತಕ, ಸಪ್ನ, ಗದುಗಿನ ಲಡಾಯಿ ಪ್ರಕಾಶನ, ಶಿವಮೊಗ್ಗದ ಅಹರ್ನಿಶಿ, ಇವರಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಅಭಿರುಚಿಯಿದೆ, ತಮ್ಮದೇ ಓದುಗರಿದ್ದಾರೆ. ನವಕರ್ನಾಟಕವು ವಿಜ್ಞಾನ, ಆರೋಗ್ಯದ ಪುಸ್ತಕಗಳನ್ನು ದಶಕಗಳಿಂದ ತಂದಿದೆ. ಸಾಮಾಜಿಕ ಚಿಂತನೆಯ ಬರಹಗಳಿಗೆ ಲಡಾಯಿ ಹೆಸರಾಗಿದೆ. ಒಂದು ಪ್ರಕಾಶನದ ಮೂರು ಪುಸ್ತಕಗಳನ್ನಾದರೂ ಓದದೆ ಅದಕ್ಕೆ ಹಸ್ತಪ್ರತಿ ಕಳುಹಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಹೊಸಬರಿಗೆ ಬೇರೆ ಬಾಗಿಲುಗಳೂ ಇವೆ. ಮೊದಲ ಕಥಾಸಂಕಲನ ತರುವವರಿಗಾಗಿ ಛಂದ ಪುಸ್ತಕ ಎಂಬ ಪ್ರಕಾಶನವು ಹಸ್ತಪ್ರತಿಗಳನ್ನು ಆಹ್ವಾನಿಸಿ, ಬಹುಮಾನ ನೀಡಿ, ಪ್ರಕಟಿಸುತ್ತ ಬಂದಿದೆ. ಕವಿಗಳಿಗೆ ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿಯೂ ಉಡುಪಿಯ ಕಡೆಂಗೋಡ್ಲು ಕಾವ್ಯ ಪ್ರಶಸ್ತಿಯೂ ಹಸ್ತಪ್ರತಿಗಳಿಗೇ ಇರುವಂಥವು; ಕವನ ಸಂಕಲನಕ್ಕೆ ಪ್ರಕಾಶಕರು ಸಿಗುವುದು ಕಷ್ಟವಾಗಿರುವ ಈ ಹೊತ್ತಿನಲ್ಲಿ ಇವುಗಳ ಬೆಲೆ ದೊಡ್ಡದು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸುತ್ತದೆ. ವಯೋಮಿತಿ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು.

ಐದನೆಯ ಹಂತ: ಪತ್ರ

ಕೇಳದೆ ಇಡೀ ಹಸ್ತಪ್ರತಿಯನ್ನು ಕಳುಹಿಸುವುದಕ್ಕಿಂತ, ಒಂದು ಪುಟದ ಪತ್ರ, ಕೃತಿಯ ಸಾರಾಂಶ ಮತ್ತು ಮೂವತ್ತು ಪುಟಗಳ ಮಾದರಿಯನ್ನು ಮೊದಲು ಕಳುಹಿಸುವುದು ಒಳ್ಳೆಯದು. ಕಾದಂಬರಿಯಾದರೆ ಸಾರಾಂಶದಲ್ಲಿ ಕೊನೆಯನ್ನೂ ಹೇಳಿಬಿಡಿ. ಪ್ರಕಾಶಕರ ಮುಂದೆ ಕುತೂಹಲ ಕಾಯ್ದುಕೊಳ್ಳುವ ಅಗತ್ಯವಿಲ್ಲ. ಮಾದರಿ ಪುಟಗಳು ಮೊದಲಿನಿಂದ ಸತತವಾಗಿರಲಿ. ವಾಟ್ಸ್ಆ್ಯಪ್‌ನಲ್ಲಿ ಫೈಲು ಕಳುಹಿಸಬೇಡಿ, ಅವರೇ ಹಾಗೆ ಕೇಳಿದ್ದರೆ ಮಾತ್ರ ಕಳುಹಿಸಿ. ಪತ್ರ ಹೀಗಿರಬಹುದು:

‘ಮಾನ್ಯರೇ, ನಮಸ್ಕಾರಗಳು. ರಾಯಚೂರು ಜಿಲ್ಲೆಯ ಕೃಷ್ಣಾ ತೀರದ ಊರುಗಳನ್ನು ಕುರಿತ ಹನ್ನೊಂದು ಕತೆಗಳ ಸಂಕಲನವೊಂದನ್ನು ಸಿದ್ಧಪಡಿಸಿದ್ದೇನೆ. ಒಟ್ಟು 34,000 ಪದಗಳಿವೆ. ಇವುಗಳಲ್ಲಿ ನಾಲ್ಕು ಕತೆಗಳು ಪತ್ರಿಕೆಗಳಲ್ಲಿ ಪ್ರಕಟವಾಗಿದ್ದು, ವಿವರಗಳನ್ನು ಲಗತ್ತಿಸಿದ್ದೇನೆ. ಇದು ನನ್ನ ಮೊದಲ ಕೃತಿ. ನಿಮ್ಮ ಪ್ರಕಾಶನದಿಂದ ಬಂದ ಗ್ರಾಮಲೋಕದ ಕಥಾಸಂಕಲನಗಳನ್ನು ಓದಿದ್ದೇನೆ. ನನ್ನ ಕತೆಗಳು ಆ ಸಾಲಿನಲ್ಲಿ ಕೂರಬಹುದೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಎರಡು ಕತೆಗಳನ್ನೂ ಸಂಕಲನದ ಪರಿಚಯವನ್ನೂ ಯೂನಿಕೋಡ್ ಮತ್ತು ಪಿಡಿಎಫ್ ರೂಪದಲ್ಲಿ ಇದರೊಂದಿಗೆ ಕಳುಹಿಸಿದ್ದೇನೆ. ಸದ್ಯಕ್ಕೆ ಬೇರೆ ಯಾರಿಗೂ ಇದನ್ನು ಕಳುಹಿಸಿಲ್ಲ. ತಮಗೆ ಆಸಕ್ತಿಯಿದ್ದರೆ ಪೂರ್ಣ ಹಸ್ತಪ್ರತಿಯನ್ನು ಕೂಡಲೇ ಕಳುಹಿಸುತ್ತೇನೆ. ಇತಿ ವಿಶ್ವಾಸಿ.’

ಇದರಲ್ಲಿ ಸ್ವಪ್ರಶಂಸೆ ಇಲ್ಲ, ದೈನ್ಯವೂ ಇಲ್ಲ. ‘ನಾನೊಬ್ಬ ಅಲ್ಪಮತಿ, ತಪ್ಪಿದ್ದರೆ ತಿದ್ದಿಕೊಳ್ಳಿ’ ಎಂಬ ವಿನಯದ ಮಾತುಗಳು ಹಸ್ತಪ್ರತಿ ಇನ್ನೂ ಮುಗಿದಿಲ್ಲವೆಂಬ ಸೂಚನೆಯನ್ನಷ್ಟೇ ಕೊಡುತ್ತವೆ. ಹಿರಿಯ ಸಾಹಿತಿಗಳಿಂದ ಮೊದಲೇ ಮುನ್ನುಡಿ ಬರೆಸಿ ಲಗತ್ತಿಸುವುದೂ ಬೇಡ. ಮುನ್ನುಡಿ ಬೇಕೆ, ಯಾರಿಂದ ಬೇಕು ಎಂಬುದನ್ನು ಕೃತಿ ಸ್ವೀಕೃತವಾದ ಮೇಲೆ ಪ್ರಕಾಶಕರೊಂದಿಗೆ ಕೂಡಿ ನಿರ್ಧರಿಸಬಹುದು.

ಆರನೆಯ ಹಂತ: ಕಾಯುವುದು

ಮೂರು ತಿಂಗಳು ಕಾಯಿರಿ. ಬಳಿಕ ಒಂದು ಚಿಕ್ಕ ನೆನಪೋಲೆ, ಅದಾದ ಒಂದು ತಿಂಗಳಿಗೆ ಒಂದು ಫೋನ್ ಕರೆ. ಆಗಲೂ ಉತ್ತರ ಬರದಿದ್ದರೆ, ಹಸ್ತಪ್ರತಿಯನ್ನು ಹಿಂಪಡೆಯುತ್ತಿರುವುದಾಗಿ ಲಿಖಿತವಾಗಿ ತಿಳಿಸಿ ಮುಂದಿನವರಿಗೆ ಕಳುಹಿಸಿ. ವರ್ಷದ ಕೊನೆಯ ಎರಡು ತಿಂಗಳು, ಆ ವರ್ಷದ ಪುಸ್ತಕವೆಂದು ಅಚ್ಚಾಗಬೇಕಾದವುಗಳ ಒತ್ತಡದಲ್ಲಿ ಪ್ರಕಾಶಕರು ಮುಳುಗಿರುತ್ತಾರೆ. ಆಗ ಕಳುಹಿಸದಿರುವುದು ಮೇಲು. ಏಕಕಾಲಕ್ಕೆ ಹಲವರಿಗೆ ಕಳುಹಿಸಿದ್ದರೆ ಅದನ್ನು ಪತ್ರದಲ್ಲಿ ಹೇಳಿಬಿಡಬೇಕು. ಮುಚ್ಚಿಟ್ಟರೆ, ಇಬ್ಬರು ಒಪ್ಪಿದ ದಿನ ಒಬ್ಬರ ವಿಶ್ವಾಸವನ್ನು ಕಳೆದುಕೊಳ್ಳುತ್ತೀರಿ, ಮತ್ತು ಕನ್ನಡ ಪ್ರಕಾಶಕರು ಪರಸ್ಪರ ಬಲ್ಲವರು.

ಏಳನೆಯ ಹಂತ: ಒಪ್ಪಿಗೆ, ಹಣ, ಒಪ್ಪಂದ

‘ನಿಮ್ಮ ಪುಸ್ತಕ ತರುತ್ತೇವೆ, ಮುದ್ರಣದ ಖರ್ಚು ನೀವು ಕೊಡಿ’ ಎಂಬ ಉತ್ತರ ಹೊಸಬರಿಗೆ ಬಹಳ ಸಲ ಬರುತ್ತದೆ. ಇದನ್ನು ಪ್ರಕಟಣೆಯ ಒಪ್ಪಿಗೆ ಎಂದು ತಿಳಿಯಬಾರದು. ಇದೊಂದು ಮುದ್ರಣ ಸೇವೆಯ ಮಾರಾಟ. ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡುವುದು ತಪ್ಪಲ್ಲ, ಕನ್ನಡದಲ್ಲಿ ಅದಕ್ಕೆ ದೀರ್ಘ ಪರಂಪರೆಯೇ ಇದೆ. ಆದರೆ ಹಣ ಕೊಡುವುದಾದರೆ ಪ್ರತಿಗಳ ಸಂಖ್ಯೆ, ಕಾಗದದ ಜಿಎಸ್‌ಎಂ (ಅದರ ತೂಕದ ಅಳತೆ), ಫಾರಂಗಳ ಲೆಕ್ಕ, ಮುದ್ರಿತ ಪ್ರತಿಗಳೆಲ್ಲ ಯಾರ ವಶದಲ್ಲಿರುತ್ತವೆ, ಮಾರಾಟವಾದ ಹಣ ಯಾರಿಗೆ ಸೇರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ, ಇನ್ನೊಂದು ಮುದ್ರಣಾಲಯದಿಂದ ಅದೇ ಕೆಲಸಕ್ಕೆ ದರ ಕೇಳಿ ಹೋಲಿಸಿ ನೋಡಿ. ಖರ್ಚು ನಿಮ್ಮದಾಗಿ ಪ್ರತಿಗಳು ಅವರದಾಗುವ ಏರ್ಪಾಟಿಗೆ ಎಂದಿಗೂ ಒಪ್ಪಬೇಡಿ.

ಪ್ರಕಾಶಕರೇ ಬಂಡವಾಳ ಹೂಡುವುದಾದರೆ, ಮುಖಬೆಲೆಯ ಶೇಕಡಾ 10ರಷ್ಟು ಗೌರವಧನವೆಂಬುದು ವಾಡಿಕೆಯ ಮಾತು. 180 ರೂಪಾಯಿಯ ಪುಸ್ತಕಕ್ಕೆ ಪ್ರತಿಗೆ 18 ರೂಪಾಯಿ. 500 ಪ್ರತಿಗಳ ಮೊದಲ ಮುದ್ರಣ ಪೂರ್ತಿ ಮಾರಾಟವಾದರೆ 9,000 ರೂಪಾಯಿ. ಹಣದ ಬದಲು ಪುಸ್ತಕಗಳನ್ನೇ ಕೊಡುವ ಪದ್ಧತಿಯೂ ಇದೆ. ಯಾವುದಾದರೂ ಸರಿ, ಮಾತಿನಲ್ಲಿ ಮಾತ್ರ ಉಳಿಯಬಾರದು. ಬಾಯಿಮಾತಿನ ವಿಶ್ವಾಸವೇ ಸಾಕೆಂದು ಒಪ್ಪಂದ ಕೇಳಲು ಸಂಕೋಚಪಡುವವರನ್ನು ಅನೇಕರನ್ನು ನೋಡಿದ್ದೇನೆ. ಒಳ್ಳೆಯ ಪ್ರಕಾಶಕರು ಈ ಕೋರಿಕೆಯನ್ನು ಅವಿಶ್ವಾಸವೆಂದು ಎಣಿಸುವುದಿಲ್ಲ.

1957ರ ಕೃತಿಸ್ವಾಮ್ಯ ಅಧಿನಿಯಮದ 19ನೆಯ ಕಲಮು ಇಲ್ಲಿ ನಿಮ್ಮ ನೆರವಿಗಿದೆ. ಹಕ್ಕನ್ನು ಬಿಟ್ಟುಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಆದಾಗ ಮಾತ್ರ ಸಿಂಧು. ಯಾವ ಕೃತಿ, ಯಾವ ಹಕ್ಕುಗಳು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದನ್ನು ಅದರಲ್ಲಿ ಹೇಳಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಮಾತ್ರವೆಂದೂ ಪರಿಗಣಿಸಲಾಗುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ, ಆ ಹಕ್ಕು ನಿಮಗೇ ಮರಳುತ್ತದೆ. 57ನೆಯ ಕಲಮಿನಂತೆ, ಹಕ್ಕನ್ನು ಕೊಟ್ಟ ಮೇಲೂ ಕೃತಿ ನಿಮ್ಮದೆಂದು ಹೇಳಿಕೊಳ್ಳುವ ಅಧಿಕಾರ ನಿಮ್ಮಲ್ಲಿಯೇ ಉಳಿಯುತ್ತದೆ.

ಆದ್ದರಿಂದ ಒಪ್ಪಂದದಲ್ಲಿ ‘ಕೃತಿಯ ಸಮಸ್ತ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರವು’ ಎಂಬ ಸಾಲಿದ್ದರೆ ಅದನ್ನು ಬದಲಾಯಿಸಲು ಕೇಳಿ. ಮುದ್ರಿತ ಕನ್ನಡ ಆವೃತ್ತಿಯ ಹಕ್ಕನ್ನು ಮೂರರಿಂದ ಐದು ವರ್ಷಗಳಿಗೆ ಕೊಡುವುದು ನ್ಯಾಯವಾದ ಏರ್ಪಾಟು. ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ, ಪಠ್ಯಪುಸ್ತಕದ ಹಕ್ಕುಗಳನ್ನು ಒಂದೊಂದಾಗಿ ಹೆಸರಿಸಿ, ಯಾವುದು ಯಾರಿಗೆ ಎಂದು ಬರೆಯಿಸಿ. ಕನ್ನಡದಲ್ಲಿ ಮೈಲ್ಯಾಂಗ್‌ನಂತಹ ವೇದಿಕೆಗಳು ಬಂದ ಮೇಲೆ ಇ-ಪುಸ್ತಕ ಮತ್ತು ಆಡಿಯೊ ಹಕ್ಕುಗಳನ್ನು ಕಡೆಗಣಿಸುವಂತಿಲ್ಲ. ಇನ್ನೊಂದು ಸಂಗತಿಯನ್ನು ಹೊಸಬರು ಕೇಳುವುದೇ ಇಲ್ಲ: ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾದರೆ, ಆ ಪ್ರತಿಗಳಿಗೂ ಗೌರವಧನವಿದೆಯೇ, ಇದ್ದರೆ ಮುಖಬೆಲೆಯ ಮೇಲೋ ಇಲಾಖೆ ಕೊಡುವ ದರದ ಮೇಲೋ. ಚಿಕ್ಕ ಮುದ್ರಣದ ಪುಸ್ತಕದಲ್ಲಿ ಆ ಪ್ರತಿಗಳೇ ದೊಡ್ಡ ಪಾಲಾಗಬಹುದು. ಲೇಖಕರಿಗೆ ಎಷ್ಟು ಗೌರವ ಪ್ರತಿ, ಹೆಚ್ಚಿನ ಪ್ರತಿಗಳಿಗೆ ಎಷ್ಟು ರಿಯಾಯಿತಿ ಎಂಬುದೂ ಇರಲಿ. ಮುಂಬಯಿಯಲ್ಲಿಯೋ ಅಮೆರಿಕದಲ್ಲಿಯೋ ಇರುವ ಲೇಖಕರು ಅಂಚೆವೆಚ್ಚ ಯಾರದೆಂಬುದನ್ನೂ ಕೇಳಿಕೊಳ್ಳಬೇಕು.

ಎಂಟನೆಯ ಹಂತ: ಅಚ್ಚಿಗೆ ಹೋಗುವ ಮುನ್ನ

ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ಪ್ರಕಾಶಕರು ಪಡೆಯುತ್ತಾರೆ. ನವದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಇದನ್ನು ಶುಲ್ಕವಿಲ್ಲದೆ ನೀಡುತ್ತದೆ. ಇದಕ್ಕಾಗಿ ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಕಾರಣ ವಿಚಾರಿಸಿ. ಸ್ವತಃ ಪ್ರಕಟಿಸುವ ಲೇಖಕರೂ ಅಲ್ಲಿ ಅರ್ಜಿ ಸಲ್ಲಿಸಬಹುದು. ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಿಗದಿತ ಗ್ರಂಥಾಲಯಗಳಿಗೆ ಪ್ರತಿಗಳನ್ನು ಕಳುಹಿಸುವುದು 1954ರ ಕಾಯ್ದೆಯಂತೆ ಪ್ರಕಾಶಕರ ಹೊಣೆ.

ನಿಮ್ಮ ಹೊಣೆ ಕರಡು ತಿದ್ದುವುದು. ಪುಟವಿನ್ಯಾಸಕ್ಕಾಗಿ ಯೂನಿಕೋಡ್ ಪಠ್ಯವನ್ನು ಮತ್ತೆ ಹಳೆಯ ಫಾಂಟಿಗೆ ಬದಲಾಯಿಸುವ ರೂಢಿ ಇನ್ನೂ ಇರುವುದರಿಂದ, ನೀವು ತಪ್ಪಿಲ್ಲದೆ ಕೊಟ್ಟ ಪಠ್ಯದಲ್ಲಿಯೂ ಹೊಸ ತಪ್ಪುಗಳು ಹುಟ್ಟಿರುತ್ತವೆ. ಕನಿಷ್ಠ ಎರಡು ಸುತ್ತು ಕರಡು ಕೇಳಿ. ಮೊದಲ ಸುತ್ತಿನಲ್ಲಿ ಅಕ್ಷರಗಳನ್ನು ನೋಡಿ. ಎರಡನೆಯದರಲ್ಲಿ ಮೊದಲ ತಿದ್ದುಪಡಿಗಳು ಕೂತಿವೆಯೇ, ಪರಿವಿಡಿಯ ಪುಟಸಂಖ್ಯೆಗಳು ಹೊಂದುತ್ತವೆಯೇ, ಸಾಲಿನ ಕೊನೆಯಲ್ಲಿ ಪದಗಳು ತಪ್ಪಾಗಿ ಒಡೆದಿವೆಯೇ ಎಂದು ನೋಡಿ. ಈ ಹಂತದಲ್ಲಿ ಹೊಸ ಪ್ಯಾರಾಗಳನ್ನು ಸೇರಿಸಬೇಡಿ. ಹತ್ತನೆಯ ಪುಟದಲ್ಲಿ ಸೇರಿಸಿದ ನಾಲ್ಕು ಸಾಲು ಆ ಅಧ್ಯಾಯದ ಕೊನೆಯ ಪುಟದವರೆಗೂ ಎಲ್ಲವನ್ನೂ ಸರಿಸುತ್ತದೆ. ಮುಖಪುಟ, ಬೆನ್ನುಡಿ, ಲೇಖಕರ ಪರಿಚಯದ ಕರಡನ್ನೂ ಕೇಳಿ ಓದಿ. ಒಳಗಿನ ಪುಟಗಳನ್ನು ಹತ್ತು ಸಲ ತಿದ್ದಿದವರ ಹೆಸರೇ ಪುಸ್ತಕದ ಬೆನ್ನಿನ ಮೇಲೆ ತಪ್ಪಾಗಿ ಅಚ್ಚಾಗುವುದುಂಟು.

ಪುಸ್ತಕ ಬಂದ ವರ್ಷವೇ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಕಟಣೆಯನ್ನು ಗಮನಿಸುತ್ತಿರಿ. ಅದರ ಪುಸ್ತಕ ಬಹುಮಾನಗಳಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆಂದೇ ಒಂದು ವಿಭಾಗವಿದೆ. ಹಾಗೆಯೇ, ಮುದ್ರಣಕ್ಕೆ ಹೋದ ಅಂತಿಮ ಫೈಲಿನ ಒಂದು ಪ್ರತಿಯನ್ನು ಪ್ರಕಾಶಕರಿಂದ ಕೇಳಿ ಪಡೆದು ಜೋಪಾನವಾಗಿಡಿ. ಎರಡನೆಯ ಮುದ್ರಣದ ಹೊತ್ತಿಗೆ ಪುಟವಿನ್ಯಾಸ ಮಾಡಿದವರ ಗಣಕ ಬದಲಾಗಿರುತ್ತದೆ, ಕರಡು ತಿದ್ದಿದ ಕಾಗದಗಳು ಎಲ್ಲಿಯೂ ಸಿಗುವುದಿಲ್ಲ. ಆಗ ನಿಮ್ಮಲ್ಲಿರುವ ಆ ಫೈಲಿನಿಂದಲೇ ಪುಸ್ತಕ ಮತ್ತೆ ಅಚ್ಚಿಗೆ ಹೋಗುತ್ತದೆ.